ಮಂಜಿನಲ್ಲಿ ಹೊತ್ತಿದ ದೀಪ

“ಅಲ್ಲಾಡಿಸಬೇಡ ಕಣೋ! ಒಂದು ಟಾರ್ಚು ನೆಟ್ಟಗೆ ಹಿಡಿಯೋಕೆ ಬರಲ್ವಾ ನಿನಗೆ?”

ಬಸ್ಸಿನ ಹಿಂಭಾಗ ನುಜ್ಜುಗುಜ್ಜಾಗಿತ್ತು. ಮಡಚಿಕೊಂಡ ತಗಡಿನ ಸಂದಿಯೊಳಗೆ ಅತ್ತಿಗೆ ಮೊಣಕೈವರೆಗೂ ಕೈ ತೂರಿಸಿ ಏನನ್ನೋ ತಡಕುತ್ತಿದ್ದರು. ಅವರ ಹೆಗಲ ಮೇಲಿಂದ ಬೆಳಕು ಬಿಡುತ್ತ ನಿಂತಿದ್ದ ನನಗೆ ಕಂಡದ್ದು ಅವರ ಜಡೆ ಮತ್ತು ಅದಕ್ಕೆ ಮೆತ್ತಿದ್ದ ಡಿಪೋದ ಗ್ರೀಸು, ಅಷ್ಟೇ.

“ಸಿಕ್ತು,” ಎಂದರು.

ಹೊರಗೆ ಬಂದ ಅಂಗೈಯಲ್ಲಿ ಒಂದು ಬಲ್ಬಿತ್ತು. ಗಾಜೆಲ್ಲ ಉದುರಿಹೋಗಿ, ಹಿತ್ತಾಳೆಯ ಬುಡದ ಮೇಲೆ ಕೂದಲಿನಷ್ಟು ತೆಳುವಾದ ಎರಡು ತಂತಿಗಳು ಮಾತ್ರ ಉಳಿದಿದ್ದವು.

ನಾನು ಕ್ಯಾಮೆರಾ ಎತ್ತಿದೆ. ಅಪಘಾತಗಳ ಫೋಟೋ ತೆಗೆಯುವುದು ನನ್ನ ಕೆಲಸ. ಆ ಅಪಘಾತ ಯಾಕಾಯಿತೆಂದು ಬೆನ್ನು ಹತ್ತುವುದು ನನ್ನ ಅಣ್ಣನ ಹೆಂಡತಿಯ ಕೆಲಸ. ಪೊಲೀಸರು ಕೈಬಿಟ್ಟ ಎಷ್ಟೋ ಕೇಸುಗಳನ್ನು ಆಕೆ ಪಟ್ಟು ಹಿಡಿದು ಬಿಡಿಸಿದ್ದಾರೆ. ಅಂಥವರ ಕಣ್ಣು ತಪ್ಪಿಸಿ ಮನೆಯಲ್ಲಿ ಅಣ್ಣ ಒಂದು ಸಿಗರೇಟು ಸೇದುವುದೂ ಕಷ್ಟ, ಪಾಪ.

“ನೋಡಿಲ್ಲಿ. ಈ ದಪ್ಪ ತಂತಿ ಬ್ರೇಕ್ ದೀಪದ್ದು. ಪಟಕ್ಕಂತ ಮುರಿದಿದೆ. ಅಂದ್ರೆ ಗುದ್ದಿದಾಗ ಅದು ತಣ್ಣಗಿತ್ತು. ಬ್ರೇಕ್ ಮೇಲೆ ಯಾರ ಕಾಲೂ ಇರಲಿಲ್ಲ.”

“ಈ ಸಣ್ಣದು?”

“ಹಿಂದಿನ ಕೆಂಪು ದೀಪದ್ದು. ಇದು ಮುರಿದಿಲ್ಲ, ಉದ್ದಕ್ಕೆ ಜಗ್ಗಿಕೊಂಡಿದೆ. ಉರಿಯೋ ತಂತಿ ಮೆತ್ತಗಿರುತ್ತೆ ಕಣೋ. ಪೆಟ್ಟು ಬಿದ್ರೆ ಹೀಗೆ ಜಗ್ಗುತ್ತೆ.”

“ಅಂದ್ರೆ ದೀಪ ಉರೀತಿತ್ತು!”

“ಉರೀತಿತ್ತು,” ಎಂದರು ಅತ್ತಿಗೆ. ಹುಡುಕಿದ್ದು ಸಿಕ್ಕಿದ ಸಂತೋಷ ಅವರ ದನಿಯಲ್ಲಿ ಒಂದಿಷ್ಟೂ ಇರಲಿಲ್ಲ.

ಇರುವುದಾದರೂ ಹೇಗೆ? ಕಳೆದ ವಾರ ಬೆಳಗಿನ ಮಂಜಿನಲ್ಲಿ, ರಸ್ತೆ ಬಿಟ್ಟು ನಿಂತಿದ್ದ ಈ ಬಸ್ಸಿಗೆ ಕಾರೊಂದು ಹಿಂದಿನಿಂದ ಗುದ್ದಿ, ಕಾರಿನಲ್ಲಿದ್ದ ಕಂಟ್ರಾಕ್ಟರು ಸತ್ತಿದ್ದ. ದೀಪ ಆರಿಸಿದ್ದೆ ಎಂದು ಬಸ್ಸಿನ ಡ್ರೈವರು ಅಂದಿನಿಂದ ಒಂದೇ ಮಾತು ಹೇಳುತ್ತ ಬಂದಿದ್ದ. ಆತನನ್ನು ಉಳಿಸಿ ಎಂದು ಬಸ್ಸಿನ ಪ್ರಯಾಣಿಕರೇ ಒಟ್ಟಾಗಿ ಬಂದು ಅತ್ತಿಗೆಯನ್ನು ಕರೆದಿದ್ದರು. ಈಗ ನಮ್ಮ ಕೈಗೆ ಸಿಕ್ಕ ಸಾಕ್ಷಿ ಆತನ ಕುತ್ತಿಗೆಗೇ ಬರುವಂಥದ್ದು.

ಡಿಪೋದವರೆಲ್ಲ ಆತನನ್ನು ಪ್ರೀತಿಗೂ ಕುಚೋದ್ಯಕ್ಕೂ ನಿಧಾನಣ್ಣ ಎನ್ನುತ್ತಾರೆ. ಆತನ ಬಸ್ಸಿಗೆ ಪೇಪರಿನ ಕಟ್ಟು ಹಾಕಿದರೆ ಊರು ಮುಟ್ಟುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ ಎಂದು ಉಳಿದ ಡ್ರೈವರುಗಳು ಆಡಿಕೊಳ್ಳುತ್ತಾರೆ. ಆದರೆ ಮಂಜು ಬಿದ್ದ ದಿನ ತಮ್ಮ ಹೆಂಡತಿ ಮಕ್ಕಳನ್ನು ಹುಡುಕಿಕೊಂಡು ಹೋಗಿ ಅದೇ ಬಸ್ಸಿಗೆ ಹತ್ತಿಸುತ್ತಾರೆ.

ಮಂಜು ಇಳಿಯಿತೆಂದರೆ ಆತ ಮೊದಲು ರೇಡಿಯೋ ಬಂದ್ ಮಾಡುತ್ತಾನೆ. ಎಷ್ಟೇ ಚಳಿಯಿರಲಿ, ಪಕ್ಕದ ಕಿಟಕಿಯ ಗಾಜು ಇಳಿಯುತ್ತದೆ. “ಸ್ವಲ್ಪ ಹೊತ್ತು ಮಾತು ನಿಲ್ಲಿಸಿ, ನನಗೆ ರಸ್ತೆ ಕೇಳಿಸಬೇಕು,” ಎಂದು ಹಿಂದೆ ತಿರುಗದೆ ಹೇಳುತ್ತಾನೆ. ಯಾರು ಹೇಳಿದರೂ ಬಾಯಿ ಮುಚ್ಚದ ಜನ ಆತ ಹೇಳಿದರೆ ಮುಚ್ಚುತ್ತಾರೆ.

ಮುಂದಿನ ದೀಪದ ಬೆಳಕನ್ನು ಮೇಲಕ್ಕೆ ಎತ್ತಿ ಬಿಡುವುದಿಲ್ಲ. ಬಿಟ್ಟರೆ ಮಂಜೇ ಬೆಳಗಿ ಎದುರಿಗೆ ಬಿಳಿ ಗೋಡೆಯಾಗಿ ನಿಲ್ಲುತ್ತದೆ. ಮುಂದಿನ ಗಾಡಿಯ ಬಾಲ ಹಿಡಿಯುವುದಿಲ್ಲ. ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡಿಕೊಂಡು ಮನುಷ್ಯ ನಡೆಯುವ ವೇಗದಲ್ಲಿ ಹೋಗುತ್ತಾನೆ. ಆ ಗೆರೆಯೂ ಕಾಣದೆ ಹೋಯಿತೋ, ಮುಚ್ಚಿಹೋದ ಪೆಟ್ರೋಲ್ ಬಂಕೊಂದಿದೆ, ಅದರ ಅಂಗಳಕ್ಕೆ ಬಸ್ಸು ಇಳಿಸುತ್ತಾನೆ. ಕೈಬ್ರೇಕು ಹಾಕಿ, ಎಲ್ಲ ದೀಪ ಆರಿಸಿ, ಬ್ರೇಕಿನಿಂದ ಕಾಲು ತೆಗೆಯುತ್ತಾನೆ. ಜನರನ್ನೆಲ್ಲ ಇಳಿಸಿ ಬಂಕಿನ ಹಿಂದಿನ ಬಯಲಿಗೆ ಕಳಿಸುತ್ತಾನೆ.

ನಿಂತ ಗಾಡಿಗೆ ದೀಪ ಬೇಡವೇ ಎಂದು ಮೊದಲ ದಿನ ನಾನೂ ಕೇಳಿ ಅತ್ತಿಗೆಯಿಂದ ಚೆನ್ನಾಗಿ ಉಗಿಸಿಕೊಂಡಿದ್ದೆ. “ಮಂಜಲ್ಲಿ ಹಿಂದಿಂದ ಬರೋನಿಗೆ ರಸ್ತೆ ಕಾಣಲ್ಲ ಕಣೋ, ಮುಂದಿನ ಗಾಡಿಯ ಕೆಂಪು ದೀಪ ಕಾಣುತ್ತೆ. ಅದು ಇರೋ ಕಡೇನೇ ರಸ್ತೆ ಅಂದ್ಕೊಂಡು ಬರ್ತಾನೆ. ರಸ್ತೆ ಮೇಲಿದ್ದಾಗ ದೀಪ ಬೇಕು, ಸರಿ. ರಸ್ತೆ ಬಿಟ್ಟು ಇಳಿದು ನಿಂತೋನು ದೀಪ ಹಾಕ್ಕೊಂಡ್ರೆ, ಬಾ, ನನಗೇ ಬಂದು ಗುದ್ದು ಅಂತ ಕರೆದ ಹಾಗೆ.”

ಆ ಬೆಳಿಗ್ಗೆಯೂ ಆತ ಎಲ್ಲವನ್ನೂ ಹಾಗೇ ಮಾಡಿದ್ದ. ಬಸ್ಸಿನಲ್ಲಿದ್ದ ಒಬ್ಬರಿಗೂ ಒಂದು ತರಚು ಗಾಯವಾಗಿರಲಿಲ್ಲ, ಯಾಕೆಂದರೆ ಕಾರು ಬಂದು ಗುದ್ದಿದಾಗ ಬಸ್ಸಿನೊಳಗೆ ಯಾರೂ ಇರಲಿಲ್ಲ. ಹಿಂದಿನ ಸೀಟುಗಳು ಇವತ್ತು ಒಂದರ ಮೇಲೊಂದು ಮಡಚಿ ಕೂತಿದ್ದವು. ಅದನ್ನು ನೋಡಿದಾಗಲೆಲ್ಲ ನನಗೆ ಆ ಮನುಷ್ಯನ ಕಾಲಿಗೆ ಬೀಳಬೇಕು ಅನ್ನಿಸುತ್ತಿತ್ತು.

“ಅತ್ತಿಗೆ, ಈ ಬಲ್ಬು ನಮ್ಮ ಕಣ್ಣಿಗೆ ಬೀಳಲೇ ಇಲ್ಲ ಅಂದ್ಕೊಂಡ್ರೆ?”

ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ನಿಜ ಬಚ್ಚಿಟ್ಟು ಉಳಿಸಿದ್ರೆ ಆ ಮನುಷ್ಯ ಆಮೇಲೆ ನನ್ನ ಮುಖ ನೋಡ್ತಾರಾ? ಬಸ್ಸು ಹತ್ತು. ದೀಪ ಹಾಕು ನೋಡೋಣ.”

ಡ್ರೈವರ್ ಸೀಟಿಗೆ ಹತ್ತಿ ದೀಪದ ಸ್ವಿಚ್ಚು ಎಳೆದೆ. ಏನೂ ಆಗಲಿಲ್ಲ. ಮತ್ತೆ ಎಳೆದೆ, ತಿರುವಿದೆ, ಗುದ್ದಿದೆ. ಕೆಳಗೆ ನಿಂತಿದ್ದ ಡಿಪೋದ ಮೇಸ್ತ್ರಿ ನಕ್ಕ.

“ಅದು ನಿಮಗೆ ಬಗ್ಗಲ್ಲ ಸಾರ್. ಎಳೆದು, ಒಳಗೆ ಒತ್ತಿ, ಬಲಕ್ಕೆ ತಿರುವಬೇಕು.”

ಹಾಗೆ ಮಾಡಿದೊಡನೆ ಮುಂದಿನ ಪುಟ್ಟ ದೀಪಗಳು ಹೊತ್ತಿದವು. ಯಾರದೋ ಕಾಲು ತಾಗಿ ತಾನಾಗಿ ಹೊತ್ತಿರಬಹುದು ಎಂಬ ನನ್ನ ಆಸೆ ಅಲ್ಲಿಗೆ ಮಣ್ಣುಪಾಲಾಯಿತು.

“ಇದು ಯಾರ್ಯಾರಿಗೆ ಬಗ್ಗುತ್ತೆ?” ಅತ್ತಿಗೆ ಮೇಸ್ತ್ರಿಯನ್ನು ಕೇಳಿದರು.

“ನಿಧಾನಣ್ಣಂಗೆ. ಆಮೇಲೆ ನಮ್ಮ ಕಂಡಕ್ಟರಮ್ಮಂಗೆ. ಸೋದರಮಾವ ಅಲ್ವಾ, ಅವರ ಹತ್ತಿರಾನೇ ಇದರಲ್ಲಿ ಓಡಿಸೋದು ಕಲೀತಿದಾಳೆ.”

“ಪೊಲೀಸರು ಬಂದಾಗ ಸ್ವಿಚ್ಚು ಹೇಗಿತ್ತು?”

“ಆರಿತ್ತಮ್ಮ. ನಾನೇ ಜೊತೇಲಿ ಹೋಗಿ ತೋರಿಸಿದ್ದೆ. ಅದಕ್ಕೇ ಅಲ್ವಾ, ನಿಧಾನಣ್ಣ ಹೇಳೋದೇ ನಿಜ ಅಂತ ನಾವೆಲ್ಲ ಬಡ್ಕೊಳ್ತಿರೋದು!”

ಅತ್ತಿಗೆ ಬಲ್ಬನ್ನು ಕರವಸ್ತ್ರದಲ್ಲಿ ಸುತ್ತಿ ಕೈಯಲ್ಲೇ ಹಿಡಿದುಕೊಂಡರು. ಅವರು ಏನು ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಿನ್ನೆ ಸಂಜೆ ಆಸ್ಪತ್ರೆಯಲ್ಲಿ ಕಾರಿನ ಡ್ರೈವರು ಹೇಳಿದ ಮಾತುಗಳು ನನ್ನ ತಲೆಯಲ್ಲೂ ಕೊರೆಯುತ್ತಿದ್ದವು.

ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ಆತ ಕಣ್ಣೀರು ಹಾಕಿಕೊಂಡೇ ಹೇಳಿದ್ದ. “ಆ ಡ್ರೈವರಣ್ಣ ಇಲ್ದಿದ್ರೆ ನಾನು ಸುಟ್ಟು ಹೋಗ್ತಿದ್ದೆ ಮೇಡಂ. ಪೆಟ್ರೋಲು ಸೋರ್ತಿತ್ತು. ಎಳೆದು ಹೊರಗೆ ಹಾಕಿ, ತನ್ನ ಮಫ್ಲರಲ್ಲೇ ಕಾಲು ಕಟ್ಟಿದ್ರು. ಅಂಥೋರ ಮೇಲೆ ಸುಳ್ಳು ಹೇಳಿದ್ರೆ ನನ್ನ ನಾಲಿಗೆ ಬಿದ್ದು ಹೋಗುತ್ತೆ. ಆದ್ರೆ ದೀಪ ಇದ್ದಿದ್ದು ನಿಜ.”

“ಮೊದಲಿಂದ ಇತ್ತಾ?”

“ಇಲ್ಲ. ಏನೂ ಕಾಣ್ತಿರಲಿಲ್ಲ. ಹಾರ್ನ್ ಹೊಡ್ಕೊಂಡು ಬರ್ತಿದ್ದೆ. ಇದ್ದಕ್ಕಿದ್ದ ಹಾಗೆ ಎಡಗಡೆ ಎರಡು ಕೆಂಪು ದೀಪ ಹೊತ್ತಿಕೊಂಡ್ವು. ಸದ್ಯ, ಮುಂದೆ ಒಂದು ಗಾಡಿ ಸಿಕ್ತಲ್ಲಾ ಅಂತ ಅದರ ಹಿಂದೆ ಹೋದೆ.”

ಅದು ಸುಳ್ಳಲ್ಲ. ಕಾರಿನ ಚಕ್ರದ ಗುರುತುಗಳ ಫೋಟೋ ತೆಗೆದವನು ನಾನೇ. ರಸ್ತೆಯಿಂದ ಅಂಗಳಕ್ಕೆ ಅವು ಎಲ್ಲೂ ತಡಬಡಾಯಿಸದೆ ನಯವಾಗಿ ಹೊರಳಿದ್ದವು. ಬ್ರೇಕು ಒತ್ತಿದ ಗುರುತು ಕೊನೆಯವರೆಗೂ ಇರಲಿಲ್ಲ.

“ನಿಮ್ಮ ಹಾರ್ನು ಬೇರೆ ಗಾಡಿಗಳ ಥರಾನೇ ಇತ್ತಾ?” ಎಂದು ಅತ್ತಿಗೆ ಕೇಳಿದಾಗ ಇದೆಂಥ ಪ್ರಶ್ನೆ ಎಂದು ನನಗೆ ನಗು ಬಂದಿತ್ತು.

“ಇಲ್ಲ ಮೇಡಂ. ಯಜಮಾನರು ಹೊರಗಿಂದ ತರಿಸಿ ಹಾಕಿಸಿದ್ರು. ಮೂರು ಸ್ವರದ್ದು. ಆ ರಸ್ತೇಲಿ ಎಲ್ರಿಗೂ ಗೊತ್ತು, ಯಜಮಾನರ ಕಾರು ಬಂತು ಅಂತ.”

“ಎಷ್ಟು ದಿನದಿಂದ ಅವರ ಹತ್ತಿರ ಇದೀರಿ?”

“ಹೊಸಬ ಮೇಡಂ. ನನಗಿಂತ ಮುಂಚೆ ನಿಧಾನಣ್ಣನ ಮಗ ಇದ್ದ. ಒಂದು ದಿನ ಕೆಲಸಗಾರರ ಎದುರಿಗೇ ಯಜಮಾನರು ಅವನ ಕೆನ್ನೆಗೆ ಹೊಡೆದು ಓಡಿಸಿಬಿಟ್ರಂತೆ. ಆಮೇಲೆ ಅವನು ಊರಲ್ಲೇ ಇಲ್ಲ.”

ಇವತ್ತು ಹನ್ನೊಂದಕ್ಕೆ ಡಿಪೋದಲ್ಲೇ ಇಲಾಖೆಯ ವಿಚಾರಣೆ. ದೀಪ ಉರಿಯುತ್ತಿತ್ತು, ಡ್ರೈವರು ಸುಳ್ಳು ಹೇಳಿದ್ದಾನೆ ಎಂದಾದರೆ ಲೈಸೆನ್ಸು ಅಲ್ಲೇ ಹೋಗುತ್ತದೆ, ಹಿಂದೆಯೇ ಪೊಲೀಸರು ಬರುತ್ತಾರೆ. ಡಿಪೋದ ಅಂಗಳದ ತುಂಬ ಆ ದಿನದ ಪ್ರಯಾಣಿಕರು ಬಂದು ಸೇರಿದ್ದರು. ಯಾರೂ ಕರೆದಿರಲಿಲ್ಲ. ಕೆಲಸಕ್ಕೆ ರಜೆ ಹಾಕಿ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಊರುಗೋಲು ಊರಿಕೊಂಡು ಬಂದಿದ್ದರು. ಅತ್ತಿಗೆಯನ್ನು ಕಂಡವರೇ ದಾರಿ ಬಿಟ್ಟರು. ಒಬ್ಬ ಹೆಂಗಸು, “ಬಿಡಿಸ್ತೀರಲ್ಲಮ್ಮ?” ಎಂದಳು. ಕೈಯಲ್ಲಿದ್ದ ಕರವಸ್ತ್ರವನ್ನು ಅತ್ತಿಗೆ ಇನ್ನಷ್ಟು ಬಿಗಿಯಾಗಿ ಹಿಡಿದು ಮೆಟ್ಟಿಲು ಹತ್ತಿದರು.

ಡ್ರೈವರುಗಳು ಒರಗಿಕೊಳ್ಳುವ ಕೋಣೆ ಮಹಡಿಯ ಮೇಲಿತ್ತು. ಕಬ್ಬಿಣದ ಮಂಚಗಳು, ಮೊಳೆಗೆ ನೇತುಹಾಕಿದ ಅಂಗಿಗಳು, ಮೂಲೆಯಲ್ಲಿ ಚಪ್ಪಟೆಯಾದ ಒಂದು ಫುಟ್‌ಬಾಲು. ನಿಧಾನಣ್ಣ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಮಂಚದ ಅಂಚಿಗೆ ಕೂತಿದ್ದ. ಆತನ ತಂಗಿಯ ಮಗಳು, ನಮ್ಮ ಕಂಡಕ್ಟರಮ್ಮ, ಹೆಗಲಿಗೆ ಟಿಕೆಟ್ ಚೀಲ ಹಾಕಿಕೊಂಡು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ತಂದೆತಾಯಿ ಇಲ್ಲದ ಹುಡುಗಿಯನ್ನು ಆತನೇ ಸಾಕಿದ್ದು, ಆತನೇ ಈ ಕೆಲಸಕ್ಕೆ ಸೇರಿಸಿದ್ದು.

ಅತ್ತಿಗೆ ಮಂಚದ ಮೇಲೆ ಕರವಸ್ತ್ರ ಬಿಡಿಸಿಟ್ಟರು.

“ಇದನ್ನ ನಾನು ಒಳಗೆ ಕೊಡಲೇಬೇಕು ಅಣ್ಣ. ದೀಪ ಉರೀತಿತ್ತು ಅಂತ ಇದು ಹೇಳುತ್ತೆ.”

“ಕೊಡಮ್ಮ. ನಿನ್ನ ಕೆಲಸ ನೀನು ಮಾಡಬೇಕು.”

“ನೀವೇನಂತೀರಿ?”

“ನಾನು ಆರಿಸಿದ್ದೆ.”

“ನಂಬ್ತೀನಿ. ಆಮೇಲೆ ಹಾಕಿದೋರು ಯಾರು?”

ನಿಧಾನಣ್ಣ ತನ್ನ ಅಂಗೈಗಳನ್ನು ನೋಡಿಕೊಂಡ. “ಮಂಜಲ್ಲಿ ಯಾರು ಏನು ಮಾಡಿದ್ರು ಅಂತ ಹೇಗೆ ಹೇಳೋದು?”

“ಕಿವೀಲೇ ರಸ್ತೆ ನೋಡೋರು ನೀವು. ನಿಮಗೆ ಗೊತ್ತಿಲ್ಲ ಅಂದ್ರೆ ನಾನು ನಂಬಬೇಕಾ?” ಅತ್ತಿಗೆ ಹುಡುಗಿಯ ಕಡೆ ತಿರುಗಿದರು. “ನೀನೇನು ನೋಡಿದೆಯಮ್ಮ?”

“ನಾನೇನೂ ನೋಡಿಲ್ಲ.”

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಅತ್ತಿಗೆ ಒಂದು ಸ್ಟೂಲು ಎಳೆದುಕೊಂಡು ಇಬ್ಬರ ನಡುವೆ ಕೂತರು. ಅವರು ಹೀಗೆ ನಿರಾಳವಾಗಿ ಕೂತರೆಂದರೆ ಎದುರಿಗಿದ್ದವರಿಗೆ ಗ್ರಹಚಾರ ಕಾದಿದೆ ಎಂದೇ ಅರ್ಥ. ನನ್ನ ಅಣ್ಣನನ್ನು ಕೇಳಿದರೆ ಗೊತ್ತಾಗುತ್ತದೆ.

“ಒಂದೇ ಮನೇಲಿ ಊಟ ಮಾಡೋ ಮಾವ ಸೊಸೆ. ನಾನು ಬಂದಾಗಿಂದ ನೋಡ್ತಿದೀನಿ, ಒಬ್ಬರ ಮುಖ ಒಬ್ಬರು ನೋಡ್ತಿಲ್ಲ. ಯಾಕೆ?”

ಹುಡುಗಿ ಟಿಕೆಟ್ ಚೀಲದ ಪಟ್ಟಿ ಸರಿಮಾಡಿಕೊಂಡಳು.

“ಸರಿ, ನಾನೇ ಹೇಳ್ತೀನಿ. ಗುದ್ದಿದಾಗ ದೀಪ ಉರೀತಿತ್ತು. ಪೊಲೀಸರು ಬಂದಾಗ ಸ್ವಿಚ್ಚು ಆರಿತ್ತು. ಮಧ್ಯದಲ್ಲಿ ಯಾರೋ ಆರಿಸಿದಾರೆ. ಅಣ್ಣ ಆಗ ಕಾರಿನ ಹತ್ತಿರ ಇದ್ರು. ಆ ಸ್ವಿಚ್ಚು ಇನ್ನು ಬಗ್ಗೋದು ಯಾರಿಗೆ ಹೇಳಮ್ಮ?”

ಹುಡುಗಿ ಕಿಟಕಿಯ ಕಂಬಿ ಹಿಡಿದುಕೊಂಡಳು. ಆಮೇಲೆ ಒಮ್ಮೆಲೇ ತಿರುಗಿದಳು.

“ಹೌದು! ಆರಿಸಿದ್ದು ನಾನೇ. ಆದ್ರೆ ಹಾಕಿದ್ದು ನಾನಲ್ಲ!”

“ಪುಟ್ಟೀ!” ನಿಧಾನಣ್ಣ ಮಂಚ ಬಿಟ್ಟು ಎದ್ದು ನಿಂತಿದ್ದ. “ಹಾಕಿದ್ದು ನೀನಲ್ವಾ?”

“ನಾನ್ಯಾಕೆ ಹಾಕ್ಲಿ ಮಾವ? ನೀನು ಕಲಿಸಿದ್ದು ಮರೀತೀನಾ? ನಾನು ಬಯಲಲ್ಲಿದ್ದೆ. ಮಂಜೆಲ್ಲ ಕೆಂಪಾಯ್ತು. ನೀನೇ ಏನೋ ಮರೆತು ಹಾಕಿದೀಯ ಅಂದ್ಕೊಂಡೆ. ಆಮೇಲೆ ಆ ಸದ್ದು... ಯಾರಾದ್ರೂ ನೋಡಿದ್ರೆ ನಿನಗೆ ತೊಂದರೆ ಅಂತ ಓಡಿಹೋಗಿ ಆರಿಸಿದೆ.”

ನಿಧಾನಣ್ಣ ಮತ್ತೆ ಕೂತುಬಿಟ್ಟ. ನಗುತ್ತಿದ್ದಾನೋ ಅಳುತ್ತಿದ್ದಾನೋ ನನಗೆ ಗೊತ್ತಾಗಲಿಲ್ಲ.

“ನೀನು ನನ್ನ ಬಾಗಿಲಿಂದ ಇಳಿಯೋದನ್ನ ನೋಡಿದೆ ಕಣೇ. ಹೆದರಿ ದೀಪ ಹಾಕಿದೀಯ ಅಂದ್ಕೊಂಡೆ. ಒಂದು ಜೀವ ಹೋದ ಭಾರ ಈ ವಯಸ್ಸಲ್ಲಿ ನಿನ್ನ ತಲೆ ಮೇಲೆ ಯಾಕೆ ಅಂತ... ಅದಕ್ಕೇ ಬಾಯಿ ಬಿಡಲಿಲ್ಲ.”

“ನಾನು ಹೆದರೋಳಾ ಮಾವ?”

“ಅಲ್ಲ ಕಣಮ್ಮ. ನನ್ನ ತಲೇಲಿ ಬರೀ ಗೊಬ್ಬರ.”

ಹುಡುಗಿ ಬಂದು ಆತನ ಪಕ್ಕ ಕೂತು ಭುಜಕ್ಕೆ ತಲೆ ಆನಿಸಿದಳು. ಒಂದು ವಾರದಿಂದ ಒಂದೇ ಸೂರಿನಡಿ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಅನ್ನ ನೀರು ಸೇರದೆ ಒಳಗೊಳಗೇ ಬೆಂದಿದ್ದರು. ನಾನು ಈ ಕೆಲಸದಲ್ಲಿ ನೋಡಿದ್ದೆಲ್ಲ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವವರನ್ನೇ. ಇಂಥವರನ್ನು ಕಂಡದ್ದು ಇದೇ ಮೊದಲು. ಮೂಗು ಒರೆಸಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಅತ್ತಿಗೆಯ ಕಣ್ಣೂ ತೇವವಾಗಿತ್ತು. ಆದರೆ ಅವರ ತಲೆ ಒಂದು ಗಳಿಗೆಯೂ ಸುಮ್ಮನಿರುವಂಥದ್ದಲ್ಲ.

“ಸಂತೋಷ ಆಮೇಲೆ ಪಡೋಣ. ನೀವಲ್ಲ, ಇವಳಲ್ಲ. ಹಾಗಾದ್ರೆ ಹಾಕಿದೋನು ಇನ್ನೊಬ್ಬ. ಮಂಜು ಬಿದ್ದ ದಿನ ನೀವು ಎಲ್ಲಿ ನಿಲ್ಲಿಸ್ತೀರಿ ಅಂತ ಅವನಿಗೆ ಗೊತ್ತು. ಆ ಸ್ವಿಚ್ಚು ಗೊತ್ತು. ಆ ಮೂರು ಸ್ವರದ ಹಾರ್ನು ಗೊತ್ತು. ಅದು ಕೇಳಿಸೋವರೆಗೆ ಕಾದು, ಕೇಳಿಸಿದ ಮೇಲೆ ಹಾಕಿದಾನೆ. ನಿಮ್ಮ ಒಳ್ಳೇ ಅಭ್ಯಾಸಾನೇ ಬಲೆ ಮಾಡ್ಕೊಂಡು ಒಬ್ಬನ್ನ ಕೊಂದಿದಾನೆ.”

ಕೆಳಗೆ ಅಂಗಳದಲ್ಲಿ ಒಂದು ಮಗು ಅಳುತ್ತಿತ್ತು.

“ಬಸ್ಸಿನ ಹತ್ತಿರ ಯಾರನ್ನಾದ್ರೂ ನೋಡಿದ್ಯಾ?” ಅತ್ತಿಗೆ ಹುಡುಗಿಯನ್ನು ಕೇಳಿದರು.

“ಮಾವನ್ನ ಬಿಟ್ರೆ ಯಾರೂ ಇರಲಿಲ್ಲ.”

“ನನ್ನನ್ನಾ?” ನಿಧಾನಣ್ಣ ಹುಬ್ಬು ಗಂಟಿಕ್ಕಿದ. “ನಾನು ಬಸ್ಸಿನ ಮುಂದುಗಡೆ ಬರಲೇ ಇಲ್ವಲ್ಲ, ಹಿಂದೆ ಕಾರಿನ ಹತ್ತಿರಾನೇ ಇದ್ದೆ.”

“ಬಂದೆಯಲ್ಲ ಮಾವ. ದೀಪ ಆರಿಸಿ ಇಳಿಯೋವಾಗ ಮೆಟ್ಟಿಲು ಕಾಣದೆ ಕಾಲು ಜಾರಿತು. ಕೆಳಗಿಂದ ನೀನೇ ತೋಳು ಹಿಡಿದು ಇಳಿಸಿದೆ. ಮೂಗಿನವರೆಗೂ ಮಫ್ಲರ್ ಸುತ್ಕೊಂಡಿದ್ದೆ.”

“ನನ್ನ ಮಫ್ಲರು ಆ ಡ್ರೈವರ್ ಕಾಲಿಗೆ ಕಟ್ಟಿದ್ದೆ ಪುಟ್ಟಿ. ನಿನ್ನ ಪಕ್ಕ ಯಾರೋ ಇದ್ದ ಹಾಗಿತ್ತು, ಪ್ರಯಾಣಿಕರಲ್ಲಿ ಒಬ್ಬ ಅಂದ್ಕೊಂಡೆ.”

ಹುಡುಗಿಯ ಮುಖ ಬಿಳಿಚಿಕೊಂಡಿತು. ಅತ್ತಿಗೆ ಅವಳ ಕೈ ಹಿಡಿದರು.

“ಅವನು ಮಾತಾಡಿದ್ನಾ?”

“ಮೆಲ್ಲಗೆ ಹೇಳಿದ್ರು. ‘ಹೆದರಬೇಡ ಪುಟ್ಟಿ, ನಿಂಗೇನೂ ಆಗಲ್ಲ’ ಅಂತ. ಅದಕ್ಕೇ ಮಾವ ಅಂದ್ಕೊಂಡೆ. ನನ್ನ ಪುಟ್ಟಿ ಅನ್ನೋರು ಇನ್ಯಾರಿದಾರೆ? ಮನೇಲಿ ಮೂರೇ ಜನ. ಮಾವ, ಅತ್ತೆ, ಆಮೇಲೆ...”

ಅವಳು ತುಟಿ ಕಚ್ಚಿಕೊಂಡಳು.

ಆ ಮೂರನೆಯವನು ಯಾರೆಂದು ಕೋಣೆಯಲ್ಲಿದ್ದ ನಾಲ್ವರಿಗೂ ತಿಳಿದುಹೋಗಿತ್ತು. ಕೆನ್ನೆಗೆ ಏಟು ತಿಂದು ಊರು ಬಿಟ್ಟ ಮಗ. ಇದೇ ಡಿಪೋದಲ್ಲಿ, ಅಪ್ಪನ ಇದೇ ಬಸ್ಸಿನಲ್ಲಿ ಸ್ಟಿಯರಿಂಗು ಹಿಡಿಯಲು ಕಲಿತವನು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ನಿಧಾನಣ್ಣ ಎದ್ದ. ಅಂಗಿಯ ತುದಿ ಎಳೆದು ಸರಿಮಾಡಿಕೊಂಡ.

“ಸಾಕು,” ಎಂದ. “ಇನ್ನು ಯಾರೂ ಮಾತಾಡಬೇಡಿ.”

“ಅಣ್ಣ, ದುಡುಕಬೇಡಿ,” ಎಂದರು ಅತ್ತಿಗೆ. “ಅವನು ಬೇಕಂತಲೇ ಮಾಡಿದ್ನೋ, ಇನ್ನೇನಾದ್ರೂ ಇದೆಯೋ, ಮೊದಲು ಕೇಳೋಣ. ನನಗೆ ಒಂದು ದಿನ ಟೈಮು ಕೊಡಿ.”

ಬಾಗಿಲಲ್ಲಿ ಜವಾನ ನಿಂತಿದ್ದ. ಸಾಹೇಬರು ಕರೆಯುತ್ತಿದ್ದಾರೆ.

ವಿಚಾರಣಾಧಿಕಾರಿಯನ್ನು ಬೈಯಲು ನನಗೆ ಕಾರಣ ಸಿಗಲಿಲ್ಲ, ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಮಂಜಿನಲ್ಲಿ ರಸ್ತೆ ಬಿಟ್ಟು ನಿಂತರೆ ಎಲ್ಲ ದೀಪ ಆರಿಸಿ, ಜನರನ್ನು ಇಳಿಸಿ ಎಂಬ ನಿಯಮವನ್ನು ಡಿಪೋದ ಗೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದವರೇ ಅವರು. ಅದನ್ನು ಕಲಿತದ್ದು ನಿಧಾನಣ್ಣನನ್ನು ನೋಡಿ. ಕಾಲೇಜಿಗೆ ಹೋಗುವಾಗ ಅವರು ಓಡಾಡುತ್ತಿದ್ದದ್ದು ಆತನ ಬಸ್ಸಿನಲ್ಲೇ.

“ಕೂತ್ಕೊಳ್ಳಿ,” ಎಂದರು. ನಿಧಾನಣ್ಣ ಕೂರಲಿಲ್ಲ.

“ನಿಮ್ಮನ್ನ ಈ ಮೇಜಿನ ಆಚೆ ನಿಲ್ಲಿಸ್ತೀನಿ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ. ಇವತ್ತು ಒಂದೇ ಪ್ರಶ್ನೆ ಕೇಳ್ತೀನಿ. ನೀವು ದೀಪ ಆರಿಸಿದ್ರಿ ಅಂತ ಬರೆದು ಕೊಟ್ಟಿದೀರಿ. ಅದೇ ಮಾತಿಗೆ ನಿಲ್ತೀರಾ?”

ನಿಲ್ಲು, ನಿಲ್ಲು ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ನಿಜ ಹೇಳುವುದು ಆ ಮನುಷ್ಯನಿಗೆ ಉಸಿರಾಡಿದಷ್ಟು ಸಲೀಸು.

ನಿಧಾನಣ್ಣ ಜೇಬಿನಿಂದ ತನ್ನ ಲೈಸೆನ್ಸು ತೆಗೆದ. ಅದನ್ನು ಮೇಜಿನ ಮೇಲಿಟ್ಟು ಎರಡು ಬೆರಳಿನಿಂದ ಮುಂದಕ್ಕೆ ಸರಿಸಿದ.

“ಇಲ್ಲ ಸಾಹೇಬ್ರೇ. ಸುಳ್ಳು ಬರೆದು ಕೊಟ್ಟಿದ್ದೆ. ದೀಪ ಹಾಕಿದ್ದು ನಾನೇ.”

“ಅಣ್ಣ!” ಅತ್ತಿಗೆ ಎದ್ದು ನಿಂತರು. “ಸರ್, ಅವರು ಈಗ ಹೇಳ್ತಿರೋದೇ ಸುಳ್ಳು.”

ಅಧಿಕಾರಿ ಅತ್ತಿಗೆಯ ಕೈಯನ್ನು ನೋಡಿದರು. “ಅದೇನು ಕರವಸ್ತ್ರದಲ್ಲಿ?”

ಅತ್ತಿಗೆ ಬಿಚ್ಚಿ ತೋರಿಸಬೇಕಾಯಿತು. ಅಧಿಕಾರಿ ಕನ್ನಡಕ ಮೇಲೆತ್ತಿ ಆ ತಂತಿಯನ್ನು ತುಂಬ ಹೊತ್ತು ನೋಡಿದರು. ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ.

“ದೀಪ ಉರೀತಿತ್ತು. ಇವರು ಹಾಕಿದೆ ಅಂತಿದಾರೆ. ಇವರಲ್ಲ ಅಂದ್ರೆ ಯಾರು ಹಾಕಿದ್ರು ಹೇಳಿ. ನಾನೂ ಅದನ್ನೇ ಕೇಳಬೇಕು ಅಂತ ಕಾಯ್ತಿದೀನಿ.”

ಅತ್ತಿಗೆಗೆ ಗೊತ್ತಿತ್ತು. ಆದರೆ ಮಂಜಿನಲ್ಲಿ ಕೇಳಿದ ಒಂದು ಮಾತು ಬಿಟ್ಟರೆ ಅವರ ಹತ್ತಿರ ಸಾಕ್ಷಿ ಏನಿತ್ತು? ಆ ಮಾತನ್ನು ಕೇಳಿದ್ದು ಒಬ್ಬಳೇ. ಅವರು ಬಾಗಿಲ ಬಳಿ ನಿಂತಿದ್ದ ಹುಡುಗಿಯ ಕಡೆ ತಿರುಗಿದರು.

“ನೀನು ಹೇಳಮ್ಮ. ನೀನು ಹೇಳಿದ್ರೆ ಮಾತ್ರ ನಿಮ್ಮ ಮಾವ ಉಳೀತಾರೆ.”

ನಿಧಾನಣ್ಣ ಅವಳನ್ನು ನೋಡಿದ. ಬೇಡ ಎಂದು ತಲೆಯಾಡಿಸಲಿಲ್ಲ, ಕೈಮುಗಿಯಲಿಲ್ಲ. ಸುಮ್ಮನೆ ನೋಡಿದ. ಮಗನ ಜೊತೆಗೇ ಬೆಳೆಸಿದ ಹುಡುಗಿ ಅವಳು.

ಅವಳು ಮೇಜಿನವರೆಗೂ ನಡೆದು ಬಂದಳು. ಹೆಗಲಿನ ಚೀಲ ಇಳಿಸಿ ಲೈಸೆನ್ಸಿನ ಪಕ್ಕದಲ್ಲಿಟ್ಟಳು.

“ಮಾವ ಸುಳ್ಳು ಹೇಳ್ತಿದಾರೆ ಸಾರ್.”

ಅಬ್ಬಾ, ಎಂದುಕೊಂಡೆ. ಅತ್ತಿಗೆಯ ಬಿಗಿದ ಭುಜ ಸಡಿಲವಾದದ್ದು ನನಗೆ ಕಂಡಿತು.

“ಹಾಕಿದ್ದು ನಾನು,” ಎಂದಳು ಹುಡುಗಿ. “ಹೆದರಿಕೆ ಆಗಿ ಹಾಕಿದೆ. ಗುದ್ದಿದ ಮೇಲೆ ಆರಿಸಿದೆ. ನಾನು ಇಳಿಯೋದನ್ನ ಮಾವ ನೋಡಿದಾರೆ. ಬೇಕಾದ್ರೆ ಕೇಳಿ.”

“ಪುಟ್ಟೀ, ಬೇಡ ಕಣೇ!” ನಿಧಾನಣ್ಣ ಕೂಗಿದ.

“ಮಾವಂಗೆ ನನ್ನ ಮೇಲೆ ಪ್ರೀತಿ ಜಾಸ್ತಿ ಸಾರ್. ಅದಕ್ಕೇ ಹೀಗೆ ಹೇಳ್ತಾರೆ.”

ಅಧಿಕಾರಿ ಲೈಸೆನ್ಸನ್ನೂ ಟಿಕೆಟ್ ಚೀಲವನ್ನೂ ನೋಡುತ್ತ ಕೂತರು. ಕೊನೆಗೆ ಫೋನು ಹತ್ತಿರ ಎಳೆದುಕೊಂಡರು.

“ಪೊಲೀಸರಿಗೆ ಹೇಳಲೇಬೇಕಮ್ಮ, ಬೇರೆ ದಾರಿ ಇಲ್ಲ,” ಎಂದು ಅತ್ತಿಗೆಯ ಕಡೆ ತಿರುಗಿದರು. “ಇವರಿಬ್ಬರಲ್ಲಿ ಯಾರನ್ನ ಕರ್ಕೊಂಡು ಹೋಗಿ ಅಂತ ಹೇಳಲಿ?”

ಎಂಥ ಪ್ರಶ್ನೆಗೂ ಉತ್ತರ ತುದಿ ನಾಲಿಗೆಯಲ್ಲೇ ಇರುವ ನನ್ನ ಅತ್ತಿಗೆ, ಉತ್ತರಕ್ಕಾಗಿ ನನ್ನ ಮುಖ ನೋಡಿದರು.